ಮಾವನ ಗಾಡಿಗೆ ಸಣ್ಣ ಚಕ್ರ

ನನ್ನ ಹೆಂಡತಿಯ ತಂದೆಯನ್ನು ವಾರಕ್ಕೆ ಮೂರು ದಿನ ಫಿಸಿಯೊಥೆರಪಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಾಗ ನನಗೆ ನಲವತ್ತೆಂಟು ವರ್ಷ, ಕೈಯಲ್ಲಿ ಕೆಲಸ ಇರಲಿಲ್ಲ. ಕಾಲೇಜುಗಳಿಗೆ ಪ್ರಯೋಗಾಲಯದ ಉಪಕರಣ ಮಾರುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೆ. ಅವರು ಬೆಂಗಳೂರಿನ ಶಾಖೆಯನ್ನು ಮುಚ್ಚಿದರು. ನಾವಿದ್ದದ್ದು ಕುಮಾರಸ್ವಾಮಿ ಲೇಔಟ್‌ನಲ್ಲಿ, ಮಾವನ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಅವರೊಬ್ಬರೇ. ಅತ್ತೆ ತೀರಿಕೊಂಡ ಮೇಲೆ ಹೆಂಡತಿ, ಅಪ್ಪನನ್ನು ಒಂಟಿಯಾಗಿ ಬಿಡುವುದು ಬೇಡ, ಎರಡು ವರ್ಷ ಅಲ್ಲಿದ್ದು ಬರೋಣ ಎಂದಿದ್ದಳು. ಒಂಬತ್ತು ವರ್ಷ ಉಳಿದೆವು.

ಮಾವನಿಗೂ ನನಗೂ ಮೊದಲಿನಿಂದಲೇ ಆಗಿಬರಲಿಲ್ಲ. ಲೇಔಟ್ ಆಗುವ ಮುಂಚೆ ಆ ಜಾಗವೆಲ್ಲ ಅವರ ಹೊಲ. ರಾಗಿ, ಅವರೆ ಬೆಳೆದ ನೆಲದ ಮೇಲೆ ಈಗ ಅವರ ಮೂರು ಬಾಡಿಗೆ ಕಟ್ಟಡಗಳಿವೆ. ನಮ್ಮದು ಜಯನಗರ, ಆದರೆ ಅಲ್ಲಿ ನಮ್ಮದೆಂಬುದು ಏನೂ ಇರಲಿಲ್ಲ. ಅಪ್ಪ ಗುಮಾಸ್ತರಾಗಿದ್ದವರು, ಒಂದೇ ಬಾಡಿಗೆ ಮನೆಯಲ್ಲಿ ಮೂವತ್ತೊಂದು ವರ್ಷ ಇದ್ದು ಅಲ್ಲೇ ಕಣ್ಣು ಮುಚ್ಚಿದರು. ನೆಲವಿಲ್ಲದವನು ಮಾವನ ಕಣ್ಣಿಗೆ ಅರ್ಧ ಮನುಷ್ಯ. ನನ್ನ ಕಣ್ಣಿಗೆ ಅವರು ದಿನವಿಡೀ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಬಾಡಿಗೆದಾರರು ಎಷ್ಟು ಹೊತ್ತು ಮೋಟಾರು ಹಾಕುತ್ತಾರೆಂದು ಕಿವಿಗೊಟ್ಟು ಕೂರುವ ಮುದುಕ. ಜನರೆದುರು ನನ್ನನ್ನು ‘ನೀವು’ ಅನ್ನುತ್ತಿದ್ದರು, ‘ಅಳಿಯಂದ್ರು’ ಅನ್ನುತ್ತಿದ್ದರು. ಇಬ್ಬರೇ ಇದ್ದಾಗ ‘ನೀನು’.

ಆ ವರ್ಷ ಅವರು ತಮ್ಮ ಕಟ್ಟಡವೊಂದರ ನೀರಿನ ಟ್ಯಾಂಕು ನೋಡಲು ಏಣಿ ಹತ್ತಿ ಬಿದ್ದರು. ಬೆನ್ನುಮೂಳೆಯ ಎರಡು ಗಂಟು ಜಜ್ಜಿಹೋಗಿದ್ದವು. ಆಪರೇಷನ್ ಆಯಿತು. ಸೊಂಟಕ್ಕೆ ಅಗಲವಾದ ಬೆಲ್ಟು ಬಂತು. ಮೂರು ತಿಂಗಳು ಜಯನಗರದ ಕ್ಲಿನಿಕ್ಕಿಗೆ ಹೋಗಿ ವ್ಯಾಯಾಮ ಮಾಡಬೇಕು, ಗಾಡಿಯಲ್ಲಿ ಕುಲುಕಾಟ ಆಗಬಾರದು ಎಂದು ಡಾಕ್ಟರು ಹೇಳಿದರು. ಒಬ್ಬ ಡ್ರೈವರನ್ನು ಗೊತ್ತುಮಾಡೋಣ ಎಂದು ಹೆಂಡತಿ ಅಂದಾಗ ಮಾವ ತಲೆಯನ್ನೂ ಎತ್ತಲಿಲ್ಲ.

“ಡ್ರೈವರ್ ಯಾಕಮ್ಮ? ಮನೇಲಿ ಒಬ್ರು ಖಾಲಿ ಕೂತಿದ್ದಾರಲ್ಲ.”

ಕುಲುಕಾಟಕ್ಕೆ ಮುಖ್ಯ ಕಾರಣ ಅವರ ಗಾಡಿಯೇ ಆಗಿತ್ತು. ಎರಡು ವರ್ಷದ ಹಿಂದೆ ಕೊಂಡ ದೊಡ್ಡ ಕಪ್ಪು ಎಸ್‌ಯುವಿ. ಬಂದಾಗ ಅದಕ್ಕೆ ಹದಿನೇಳು ಇಂಚಿನ ಚಕ್ರಗಳಿದ್ದವು, ಸುತ್ತ ದಪ್ಪನೆಯ ಟೈರು. ಒಂದು ತಿಂಗಳಲ್ಲಿ ಅಂಜನಾಪುರದಲ್ಲಿರುವ ಮಾವನ ಷಡ್ಡಕ ಅದಕ್ಕಿಂತ ದೊಡ್ಡ ಚಕ್ರದ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿ ಕಾಫಿ ಕುಡಿದು ಹೋದರು. ಮರುವಾರವೇ ಮಾವ ಇಪ್ಪತ್ತು ಇಂಚಿನ ಹೊಳೆಯುವ ಅಲಾಯ್ ಚಕ್ರ ಹಾಕಿಸಿಕೊಂಡು ಬಂದರು. ಹಳೆಯ ನಾಲ್ಕನ್ನೂ ಅಂಗಡಿಯಲ್ಲೇ ಬಿಟ್ಟಿದ್ದರು. ಸ್ಟೆಪ್ನಿ ಮಾತ್ರ ಹಳೆಯ ಅಳತೆಯದು ಉಳಿಯಿತು. ಹೊಸ ಚಕ್ರದ ಸುತ್ತ ರಬ್ಬರು ನಾಲ್ಕು ಬೆರಳಿನಷ್ಟಿತ್ತು. ಗಾಳಿ ತುಂಬಿದ ಆ ತೆಳುಪಟ್ಟಿ ಬಿಟ್ಟರೆ ರಸ್ತೆಗೂ ನಮ್ಮ ಬೆನ್ನಿಗೂ ನಡುವೆ ಬರೀ ಲೋಹ.

“ಚಕ್ರ ನೋಡೇ ಜನ ದಾರಿ ಬಿಡ್ಬೇಕು” ಎಂದು ಅವರು ಅದನ್ನು ವಾರಕ್ಕೊಮ್ಮೆ ಒರೆಸುತ್ತಿದ್ದರು.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊರಡುತ್ತಿದ್ದೆವು. ಅವರು ಹಿಂದೆ ಕೂರುತ್ತಿರಲಿಲ್ಲ. ಮುಂದಿನ ಸೀಟನ್ನು ಸ್ವಲ್ಪ ಒರಗಿಸಿಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಹಿಡಿದು, ರಸ್ತೆಯನ್ನೂ ನನ್ನ ಕೈಯನ್ನೂ ನೋಡುತ್ತಿದ್ದರು. ಪ್ರತಿ ಗುಂಡಿಗೆ ಒಂದು ನರಳಿಕೆ, ನರಳಿಕೆಯ ಹಿಂದೆಯೇ ಒಂದು ಮಾತು. “ಕಣ್ಣು ಎಲ್ಲಿಟ್ಟಿದ್ದೀಯ?” “ಗೇರ್ ಹಾಕೋದು ಯಾರು ಕಲ್ಸಿದ್ದು?” “ಕತ್ತೆ ಗಾಡಿ ಹೊಡ್ಯೋನೂ ಇಷ್ಟು ಕೆಟ್ಟದಾಗಿ ಹೊಡ್ಯಲ್ಲ.” ನಾನು ಇಪ್ಪತ್ತರ ವೇಗದಲ್ಲಿ ಹೋಗುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು, ಪಕ್ಕದಲ್ಲಿ ಇವರು ಬೈಯುತ್ತಿದ್ದರು. ಚಕ್ರದಿಂದಲೇ ಹೀಗಾಗುತ್ತಿದೆ ಎಂದು ಒಮ್ಮೆ ಹೇಳಿ ನೋಡಿದೆ.

“ಚಕ್ರಕ್ಕೇನಾಗಿದೆ? ಚಕ್ರ ತಿರುಗಿಸೋನು ಸರಿ ಇಲ್ಲ.”

ಕ್ಲಿನಿಕ್ಕಿನ ಹುಡುಗಿ ಬಾಗಿಲು ತೆರೆದರೆ ಅವರ ದನಿಯೇ ಬದಲಾಗುತ್ತಿತ್ತು. “ನಮ್ಮ ಅಳಿಯಂದ್ರಮ್ಮ, ಬಹಳ ಜೋಪಾನವಾಗಿ ಕರ್ಕೊಂಡು ಬರ್ತಾರೆ.” ಅದನ್ನು ಕೇಳುವಾಗ ನನಗೆ ಬೈಗುಳಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಐದನೆಯ ವಾರದ ಒಂದು ಬುಧವಾರ. ಬಿಸಿಲಿತ್ತು, ರಸ್ತೆ ಒಣಗಿತ್ತು. ಹಿಂದಿನ ದಿನ ನಾನು ಹೋಗಿದ್ದ ಸಂದರ್ಶನವೊಂದು ಕೆಟ್ಟಿತ್ತು, ಅದನ್ನು ಹೆಂಡತಿ ಅವರಿಗೆ ಹೇಳಿದ್ದಳು. ಬನಶಂಕರಿಯ ಬಸ್ ನಿಲ್ದಾಣ ಇನ್ನೂ ಸ್ವಲ್ಪ ದೂರವಿದ್ದಾಗ ಅವರು ಮಾತು ತೆಗೆದರು.

“ಈ ಸಲಾನೂ ಆಗ್ಲಿಲ್ವಂತೆ.”

ನಾನು ಗೇರ್ ಬದಲಿಸಿದೆ.

“ನಿಮ್ಮಪ್ಪನಾದ್ರೂ ಪರವಾಗಿಲ್ಲ ಕಣೋ. ಸಾಯೋವರೆಗೂ ಬಾಡಿಗೆ ಕಟ್ದ. ನೀನು ಅದೂ ಕಟ್ಟಲ್ಲ.”

ಅಪ್ಪ ಹೋಗಿ ಆಗ ವರ್ಷವೂ ತುಂಬಿರಲಿಲ್ಲ.

ಮುಂದೆ ಎಡಗಡೆ, ಪೈಪಿಗಾಗಿ ಯಾರೋ ಅಗೆದು ಅರೆಬರೆ ಮುಚ್ಚಿದ್ದ ಒಂದು ಗುಂಡಿಯಿತ್ತು. ಜಲ್ಲಿ ಎದ್ದುಹೋಗಿ ಅದರ ಅಂಚು ಮೆಟ್ಟಿಲಿನಂತೆ ಚೂಪಾಗಿತ್ತು. ತಿಂಗಳಿನಿಂದ ವಾರಕ್ಕೆ ಮೂರು ಸಲ ಅದನ್ನು ಬಳಸಿಕೊಂಡು ಹೋಗಿದ್ದೆ. ಎಲ್ಲಿ ಬಲಕ್ಕೆ ಎಳೆಯಬೇಕೆಂದು ಕೈಗೆ ಗೊತ್ತಿತ್ತು. ಆ ದಿನವೂ ಕಂಡೆ. ಸ್ಟೇರಿಂಗ್ ತಿರುಗಿಸಲಿಲ್ಲ. ಬ್ರೇಕನ್ನೂ ತುಳಿಯಲಿಲ್ಲ.

ಎಡ ಮುಂಚಕ್ರ ಇಳಿದ ಸದ್ದು ಕೇಳಿ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಗಾಡಿ ಎಡಕ್ಕೆ ವಾಲಿ ಕರಕರ ಎನ್ನುತ್ತ ನಿಂತಿತು. ಮಾವ ನರಳಲೂ ಇಲ್ಲ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಮುಖ ಬೂದಿಯಂತಾಗಿ, ಹಣೆಯ ಮೇಲೆ ಬೆವರು ಬಂತು. ಹಿಡಿಯಲ್ಲಿದ್ದ ಕೈಯನ್ನು ಬಿಡಿಸಲು ಹೋದೆ. ಅವರು ಬಿಡಲಿಲ್ಲ.

ಆಟೊದವನೊಬ್ಬ ನಿಲ್ಲಿಸಿ ಕಿಟಕಿಗೆ ಬಂದ. “ಇಳಿಸ್ಬೇಡಿ ಸಾರ್. ಸೀಟ್ ಹಿಂದಕ್ಕೆ ಹಾಕಿ, ಅಂಕಲ್ ಹಾಗೇ ಮಲ್ಕೊಳ್ಲಿ. ಪಂಕ್ಚರ್‌ನೋನನ್ನ ಕಳಿಸ್ತೀನಿ.”

ಪಂಕ್ಚರ್ ಅಂಗಡಿಯವನು ಬಂದು ನೋಡಿದ. ಟೈರು ಪಕ್ಕದಲ್ಲಿ ಸೀಳಿಹೋಗಿತ್ತು, ಅಲಾಯ್‌ನ ಅಂಚು ಒಡೆದು ಒಂದು ಚೂರು ಕೆಳಗೆ ಬಿದ್ದಿತ್ತು. ಸ್ಟೆಪ್ನಿ ಹಾಕಿಕೊಟ್ಟ. ನಾನು ಅವರನ್ನು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯವರೆಗೆ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಹೊಸದಾಗಿ ಏನೂ ಮುರಿದಿಲ್ಲ, ಹತ್ತು ದಿನ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದರು. ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಭಯವಾಗಿತ್ತು. ನಾಚಿಕೆಯಾಗಿತ್ತು. ಅದರ ಜೊತೆಗೆ, ಅಪ್ಪನ ಬಗ್ಗೆ ಇನ್ನು ಮಾತಾಡಲಾರರು ಎಂಬ ಒಂದು ತೃಪ್ತಿಯೂ ಒಳಗೆಲ್ಲೋ ಇತ್ತು. ಇಲ್ಲವೆಂದು ಬರೆಯಲಾರೆ.

ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಬಂದ ಹೆಂಡತಿ ಅವರ ಹಾಸಿಗೆಯ ಪಕ್ಕ ಕೂತು ಏನಾಯಿತೆಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಈಗ ಹೇಳುತ್ತಾರೆ ಎಂದುಕೊಂಡೆ.

“ಗುಂಡಿ ಇತ್ತಮ್ಮ. ನೀರು ತುಂಬ್ಕೊಂಡಿತ್ತು, ಕಾಣ್ಲಿಲ್ಲ ಅವರಿಗೆ.”

ಹದಿನೈದು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಮಾವ ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನ್ನನ್ನು ಉಳಿಸಿದರೆಂದು ನನಗೆ ಸಮಾಧಾನವಾಗಲಿಲ್ಲ. ಯಾವತ್ತೋ ಬೇಕಾದಾಗ ತೆಗೆಯಲು ಕತ್ತಿಯೊಂದನ್ನು ಒಳಗಿಟ್ಟುಕೊಂಡರು ಅನಿಸಿತು.

ಅವರು ಮಲಗಿದ್ದ ದಿನಗಳಲ್ಲೇ ನಾನು ಗಾಡಿಯನ್ನು ಜೆ.ಪಿ. ನಗರದ ಒಂದು ಟೈರ್ ಅಂಗಡಿಗೆ ಒಯ್ದೆ. ಅಂಗಡಿಯವನು ಐವತ್ತು ದಾಟಿದ ಮನುಷ್ಯ. ಒಡೆದ ಚಕ್ರವನ್ನು ಉರುಳಿಸಿ ನೋಡಿ ನೆಲಕ್ಕೆ ಬಿಟ್ಟ.

“ಈ ಊರಿನ ರೋಡಿಗೆ ಇದು ಬರೀ ಷೋಕಿ ಸಾರ್. ಇದೇ ಥರದ್ದು ಇನ್ನೊಂದು ಬೇಕು ಅಂದ್ರೆ ತರಿಸ್ಕೊಡ್ತೀನಿ. ಇನ್ನೊಂದು ಗುಂಡಿಗೆ ಅದೂ ಹೋಗುತ್ತೆ.”

“ನಾಲ್ಕನ್ನೂ ಹದಿನೇಳು ಮಾಡಿದ್ರೆ?”

“ಅದೇ ಬೆಸ್ಟ್. ರಿಮ್ ಚಿಕ್ಕದಾದಷ್ಟು ರಬ್ಬರ್ ದಪ್ಪ ಹಾಕ್ಬಹುದು. ಹೊರಗಿನ ಎತ್ತರ ಅಷ್ಟೇ ಇರುತ್ತೆ, ಮೀಟರ್ ತಪ್ಪು ತೋರ್ಸಲ್ಲ. ಏಟು ಬಿದ್ರೆ ಟೈರ್ ತಿನ್ನುತ್ತೆ, ನಿಮ್ಮ ಬೆನ್ನಿಗೆ ಬರಲ್ಲ.” ಗಾಡಿಯತ್ತ ನೋಡಿ ಕೇಳಿದ, “ಗಾಡಿ ನಿಮ್ದೇನಾ?”

“ನಮ್ಮ ಮಾವಂದು.”

“ಅವರನ್ನ ಕೇಳಿದ್ರಾ? ಆಮೇಲೆ ಬಂದು ನನ್ನ ಮೇಲೆ ಕೂಗಾಡ್ತಾರೆ.”

“ಕೂಗಾಡೋದು ನನ್ನ ಮೇಲೆ. ಹಾಕಿ.”

ಅವರ ಬೆನ್ನಿಗಾಗಿ ಮಾಡಿದೆ ಎಂದರೆ ಅರ್ಧ ಸುಳ್ಳು. ನಾನು ಮಾಡಿದ್ದಕ್ಕೆ ಏನಾದರೂ ಮಾಡಬೇಕು ಅನಿಸಿದ್ದು ನಿಜ. ಆದರೆ ಒರೆಸಿ ಒರೆಸಿ ಇಟ್ಟಿದ್ದ ಆ ಹೊಳಪನ್ನು ಅವರ ಗಾಡಿಯಿಂದ ಕಿತ್ತುಹಾಕುವಾಗ ನನಗೆ ಹಿತವೇ ಆಗುತ್ತಿತ್ತು. ಒಂದೊಂದೇ ಚಕ್ರ ಬಿಚ್ಚುವುದನ್ನು ಕುರ್ಚಿ ಹಾಕಿಕೊಂಡು ನೋಡಿದೆ. ಹೊಸ ರಿಮ್ಮು ಬ್ರೇಕಿಗೆ ತಾಗುವುದಿಲ್ಲವೆಂದು ಅವನು ಕೈಯಿಂದ ತಿರುಗಿಸಿ ತೋರಿಸಿದ. ಬೂದು ಬಣ್ಣದ ಸಾದಾ ರಿಮ್ಮು, ದಪ್ಪ ಕಪ್ಪು ಟೈರು. ಉಳಿದ ಮೂರು ಅಲಾಯ್‌ಗಳನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದು ಮೆಟ್ಟಿಲ ಕೆಳಗೆ ಇಟ್ಟೆ. ವಾಪಸು ಬರುವಾಗ ಗಾಡಿ ಬೇರೆಯೇ ಗಾಡಿಯಾಗಿತ್ತು. ರಸ್ತೆಯ ಉಬ್ಬು ಮೊದಲು ಹಲ್ಲಿಗೆ ಬಡಿಯುತ್ತಿತ್ತು. ಈಗ ಕೆಳಗೆಲ್ಲೋ ಧಪ್ ಎಂದು ಮುಗಿದುಹೋಗುತ್ತಿತ್ತು.

ಹತ್ತು ದಿನ ಮುಗಿದ ಮೇಲೆ ಬಂದ ಸೋಮವಾರ ಮಾವ ಬೆಲ್ಟು ಬಿಗಿದುಕೊಂಡು, ಕೋಲು ಊರಿಕೊಂಡು ಹೊರಗೆ ಬಂದರು. ಹೆಂಡತಿ ರಜೆ ಹಾಕಿದ್ದಳು, ಅವರ ತೋಳು ಹಿಡಿದಿದ್ದಳು. ಗಾಡಿಯ ಮುಂದೆ ಬಂದು ನಿಂತರು. ಒಂದು ಸುತ್ತು ನೋಡಿದರು.

“ಇದೇನಿದು?”

“ಸಣ್ಣ ಚಕ್ರ ಹಾಕಿಸಿದ್ದೀನಿ. ಟೈರ್ ದಪ್ಪ ಇದೆ, ಕುಲುಕಲ್ಲ.”

“ಯಾರನ್ನ ಕೇಳಿ?”

“ಯಾರನ್ನೂ ಕೇಳಿಲ್ಲ. ನನ್ನ ದುಡ್ಡಲ್ಲೇ ಹಾಕಿಸಿದ್ದು.”

“ನಿನ್ನ ದುಡ್ಡು.” ಅವರು ಕೋಲಿನಿಂದ ಮುಂದಿನ ಟೈರನ್ನು ಕುಟ್ಟಿದರು. “ಗೂಡ್ಸ್ ಗಾಡಿ ಥರ ಮಾಡ್ಬಿಟ್ಟಿದ್ದೀಯ. ಸಿಮೆಂಟ್ ತುಂಬ್ಕೊಂಡು ಹೋಗೋಕೆ ಸರಿಹೋಗುತ್ತೆ. ನಾನು ಇದರಲ್ಲಿ ಕೂರಲ್ಲ.”

“ಅಪ್ಪ, ಬೆನ್ನಿಗೆ ಒಳ್ಳೇದು ಅಂತ ತಾನೇ” ಎಂದಳು ಹೆಂಡತಿ.

“ನನ್ನ ಬೆನ್ನಿನ ಚಿಂತೆ ಇವನಿಗೆ ಬೇಡ. ಆಟೊ ಕರಿ.”

ಅವಳೆದುರು ನನ್ನನ್ನು ‘ನೀನು’, ‘ಇವನು’ ಅಂದದ್ದು ಅದೇ ಮೊದಲು. ಅವಳು ನನ್ನತ್ತ ನೋಡಿದಳು, ನಾನು ಭುಜ ಕುಣಿಸಿದೆ. ಆಟೊ ಬಂತು. ಅಪ್ಪ ಮಗಳು ಹೋದರು. ಮಧ್ಯಾಹ್ನ ವಾಪಸು ಬಂದಾಗ ಆಟೊದಿಂದ ಅವರನ್ನು ಇಳಿಸಲು ನಾವಿಬ್ಬರೂ ಬೇಕಾಯಿತು. ನಾನು ಹಿಡಿದ ತೋಳು ಬಿಸಿಯಾಗಿತ್ತು, ಅದುರುತ್ತಿತ್ತು. ಆದರೂ ಕೈ ಕೊಡವಿದರು.

ಬುಧವಾರ ಹತ್ತು ಗಂಟೆಗೆ ಅವರೇ ಬಂದು ಗಾಡಿಯ ಬಾಗಿಲ ಬಳಿ ನಿಂತಿದ್ದರು. ಹತ್ತಿಸಿದೆ. ಲೇಔಟ್ ದಾಟಿದೆವು, ಹಂಪುಗಳು ಬಂದವು, ಹೋದವು. ಅವರ ಬಾಯಿಂದ ನರಳಿಕೆ ಬರಲಿಲ್ಲ. ಕೈ ಮಾತ್ರ ಹಿಡಿಯ ಮೇಲೇ ಇತ್ತು. ಅದೇ ಅಗೆದ ಜಾಗ ಹತ್ತಿರವಾಯಿತು. ಯಾರೂ ಮುಚ್ಚಿರಲಿಲ್ಲ. ಬಲಕ್ಕೆ ಹೋಗಲು ಬಸ್ಸೊಂದು ಬಿಡಲಿಲ್ಲ. ಪೂರ್ತಿ ನಿಧಾನಿಸಿ ಅಂಚಿನಲ್ಲಿ ಇಳಿಸಿದೆ. ಗಾಡಿ ಮೆತ್ತಗೆ ಬಾಗಿ ಎದ್ದಿತು.

ದಾಟಿದ ಮೇಲೆ ಅವರು ಹೇಳಿದರು.

“ಅವತ್ತು ನೋಡಿದ್ದೆ ನೀನು.”

“ಏನನ್ನ?”

“ಗುಂಡಿನ. ನಾನು ನಿನ್ನ ಕೈನೇ ನೋಡ್ತಿದ್ದೆ. ಅಲ್ಲಾಡ್ಲಿಲ್ಲ ಅದು.”

ಸುಳ್ಳು ಹೇಳಬಹುದಿತ್ತು. “ಹೌದು” ಅಂದೆ.

ಸಿಗ್ನಲ್ಲಿನಲ್ಲಿ ನಿಂತೆವು. ಅವರು ಎದುರಿನ ಬಸ್ಸಿನ ಹಿಂಭಾಗವನ್ನೇ ನೋಡುತ್ತಿದ್ದರು.

“ಮತ್ತೆ ಅವಳಿಗೆ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ಹೇಳಿದ್ರೆ, ನೀನೇನಂದೆ ಅಪ್ಪ ಅಂತ ಕೇಳ್ತಾಳೆ.”

ನನ್ನ ಅಪ್ಪನ ಕೊನೆಯ ಎರಡು ತಿಂಗಳು ಅವರಿಗೆ ಗಂಜಿ ಕುಡಿಸಿದವಳು ನನ್ನ ಹೆಂಡತಿ. ಬ್ಯಾಂಕಿಗೆ ಹೋಗುವ ಮುಂಚೆ ದಿನಾ ಜಯನಗರಕ್ಕೆ ಹೋಗಿ ಬರುತ್ತಿದ್ದಳು. ಅದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

“ಆ ಮಾತು ತಪ್ಪು ಅಂತ ಈಗಲಾದ್ರೂ ಅನ್ನಿ” ಎಂದೆ.

“ಅನ್ನಲ್ಲ. ಇರೋದನ್ನೇ ಅಂದಿದ್ದು.”

“ಹಾಗಾದ್ರೆ ನಾನೂ ಏನೂ ಅನ್ನಲ್ಲ.”

“ಅನ್ಬೇಡ.”

ಅಷ್ಟೇ. ಆ ದಿನ ಕ್ಲಿನಿಕ್ಕಿನಲ್ಲಿ ಅವರು ನನ್ನನ್ನು ಹೊಗಳಲಿಲ್ಲ. ಬಾಗಿಲು ತೆರೆದ ಹುಡುಗಿಗೆ ನಮಸ್ಕಾರ ಹೇಳಿ ಒಳಗೆ ಹೋದರು.

ಹೀಗೇ ಮೂರು ವಾರ ಕಳೆಯಿತು. ಒಂದು ಗುಟ್ಟನ್ನು ಇಬ್ಬರೂ ಹಂಚಿಕೊಂಡರೆ ಜನ ಹತ್ತಿರವಾಗುತ್ತಾರೆಂದು ಅಂದುಕೊಂಡಿದ್ದೆ. ನಮ್ಮ ವಿಷಯದಲ್ಲಿ ಹಾಗಾಗಲಿಲ್ಲ. ಅವರು ನನ್ನೊಡನೆ ಮಾತೇ ನಿಲ್ಲಿಸಿದರು. ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೂ ಮಗಳನ್ನೇ ಕೇಳುತ್ತಿದ್ದರು. ಷಡ್ಡಕರ ಮನೆಯ ಗೃಹಪ್ರವೇಶಕ್ಕೆ ನಮ್ಮ ಗಾಡಿ ಬೇಡವೆಂದು ಬೇರೆಯವರ ಕಾರಿನಲ್ಲಿ ಅಂಜನಾಪುರಕ್ಕೆ ಹೋದರು, ಬಂದು ಎರಡು ದಿನ ಮಲಗಿದರು. ಮೆಟ್ಟಿಲ ಕೆಳಗಿನ ಮೂರು ಅಲಾಯ್‌ಗಳಿಗೆ ಹಳೆಯ ಪಂಚೆ ಹೊದಿಸಿದರು. ನಾನು ಅಲ್ಲಿ ಹಾದುಹೋಗುವಾಗಲೆಲ್ಲ ಆ ಪಂಚೆಯನ್ನು ನೋಡಿ ಮನಸ್ಸು ಕಹಿಯಾಗುತ್ತಿತ್ತು.

ಕೊನೆಗೆ ಹೆಂಡತಿಗೆ ಹೇಳಿದವನು ನಾನೇ. ಒಂದು ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಮಡಿಸುತ್ತಿದ್ದಳು. “ಅಪ್ಪ ಯಾಕೆ ನಿನ್ನ ಹತ್ರ ಮಾತಾಡಲ್ಲ? ಚಕ್ರಕ್ಕೇನಾ ಇಷ್ಟು?” ಎಂದಳು. ಚಕ್ರಕ್ಕಲ್ಲ ಎಂದೆ. ಅವರು ಅಂದದ್ದನ್ನೂ ನಾನು ಮಾಡಿದ್ದನ್ನೂ ಆದ ಹಾಗೆಯೇ ಹೇಳಿದೆ. ಅವರು ಅಂದದ್ದನ್ನು ಮೊದಲು ಹೇಳಿದೆ. ಅದು ನನ್ನ ಜಾಣತನ.

ಅವಳು ಮಡಿಸುತ್ತಿದ್ದ ಟವೆಲ್ ಅನ್ನು ಮಡಿಸಿ ಮುಗಿಸಿದಳು.

“ಬೆನ್ನಿಗೆ ಆಪರೇಷನ್ ಆದ ಮನುಷ್ಯ” ಎಂದಳು. “ಎಪ್ಪತ್ನಾಲ್ಕು ವರ್ಷ. ನೀನು ಬೇಕಂತ ಇಳಿಸ್ದೆ.”

“ಅವರು ಅಂದ ಮಾತು—”

“ಕೇಳಿಸ್ತು. ಅದಕ್ಕೆ ಅವರನ್ನ ಕೇಳ್ತೀನಿ. ಇದು ನಿಂದು.”

ಕೆಳಗೆ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಏರಿದ ದನಿ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ ಬಂದು ಗೋಡೆಯ ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಕ್ಲಿನಿಕ್ಕಿಗೆ ಫೋನ್ ಮಾಡಿ ಬೆಳಿಗ್ಗೆ ಏಳರ ಸಮಯ ಕೇಳಿ ತೆಗೆದುಕೊಂಡಳು. ಅಲ್ಲಿಂದಾಚೆ ಅವಳೇ ಅಪ್ಪನನ್ನು ಕರೆದುಕೊಂಡು ಹೋಗಿ, ವಾಪಸು ಮನೆಗೆ ಬಿಟ್ಟು, ಆಮೇಲೆ ಬ್ಯಾಂಕಿಗೆ ಹೋಗುತ್ತಿದ್ದಳು. ದೊಡ್ಡ ಗಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಗೇಟಿನಿಂದ ಹೊರಗೆ ತೆಗೆಯಲು ಮೂರು ನಾಲ್ಕು ಸಲ ಹಿಂದೆ ಮುಂದೆ ಮಾಡುತ್ತಿದ್ದಳು. ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಮಾವ ಅವಳಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ನನ್ನೊಡನೆ ಅವಳ ಮಾತು ಮನೆಗೆ ಬೇಕಾದಷ್ಟಕ್ಕೆ ಇಳಿಯಿತು. ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ದೀಯಾ, ಅಷ್ಟು.

ಎರಡು ತಿಂಗಳಲ್ಲಿ ನನಗೆ ಸಿದ್ದಾಪುರದ ಹತ್ತಿರ ಉಪಕರಣ ರಿಪೇರಿ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಹೇಳಿದಾಗ ಹೆಂಡತಿ ಒಳ್ಳೆಯದಾಯಿತು ಎಂದಳು. ಮಾವನ ವ್ಯಾಯಾಮ ಮೂರು ತಿಂಗಳಿಗೆ ಮುಗಿಯಲಿಲ್ಲ, ಆರು ತಿಂಗಳು ಎಳೆಯಿತು. ಹೆಚ್ಚಿನ ಮೂರು ತಿಂಗಳಿಗೆ ನಾನೆಷ್ಟು ಕಾರಣ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಕೊನೆಗೆ ಒಂದು ದಿನ ಹೆಂಡತಿಗೆ ಜ್ವರ ಬಂತು. ಮಲಗಿದ್ದಲ್ಲಿಂದಲೇ ಬ್ಯಾಗಿನಿಂದ ಕೀ ತೆಗೆದು ಮಂಚದ ಮೇಲಿಟ್ಟಳು. “ಹುಷಾರಾಗಿ ಹೋಗು” ಎಂದಳು, ನನ್ನ ಮುಖ ನೋಡಿ. ಕೆಳಗೆ ಮಾವ ಗಾಡಿಯ ಪಕ್ಕ ಕಾಯುತ್ತಿದ್ದರು. ನಾನು ಬರುವುದನ್ನು ಕಂಡು ಹಿಂದಿನ ಸೀಟಿನ ಬಾಗಿಲ ಕಡೆಗೆ ನಡೆದರು.

ಜಯನಗರದವರೆಗೆ ಗುಂಡಿಗಳನ್ನೆಲ್ಲ ಬಳಸಿಕೊಂಡು ಹೋದೆ. ಕ್ಲಿನಿಕ್ಕಿಗೆ ಏಳು ಮೆಟ್ಟಿಲು ಹತ್ತಬೇಕು. ಆ ದಿನ ಕೋಲು ಮನೆಯಲ್ಲೇ ಮರೆತುಬಂದಿದ್ದರು. ಮೊದಲ ಮೆಟ್ಟಿಲ ಬಳಿ ನಿಂತು ಸುತ್ತ ನೋಡಿದರು. ಬೇರೆ ಯಾರೂ ಇರಲಿಲ್ಲ. ನಾನು ಮೊಣಕೈ ಮುಂದೆ ಮಾಡಿದೆ. ಸ್ವಲ್ಪ ಹೊತ್ತು ಅದನ್ನು ಹಾಗೇ ಬಿಟ್ಟು, ಆಮೇಲೆ ಹಿಡಿದರು. ಅವರ ಇಡೀ ಭಾರ ನನ್ನ ತೋಳಿನ ಮೇಲೆ ಬಂತು. ನನಗೆ ಅದು ಇಷ್ಟವಾಗಲಿಲ್ಲ. ಅವರಿಗೂ ಆಗಿರಲಾರದು. ಏಳು ಮೆಟ್ಟಿಲು ಹತ್ತಿ, ಕೈ ಬಿಟ್ಟು, ಅವರು ಒಳಗೆ ಹೋದರು. ನಾನು ಕೆಳಗೆ ಬಂದು ಗಾಡಿಯಲ್ಲಿ ಕೂತೆ.